ಹನ್ನೊಂದು ಒಂದುಗಳು

ಮೊನ್ನೆ ಬನಹಟ್ಟಿಗೆ ಹೋದಾಗ ಪಕ್ಕದ ಮನೆಯ ಕಾಕು ತಮ್ಮ ಗಂಡನ ಒಂದು ಹಳೆಯ ನೋಟ್‌ಬುಕ್ ಕೊಟ್ಟರು. ತೆರೆದೊಡನೆ ಮಗ್ಗದ ಎಣ್ಣೆಯ ವಾಸನೆ. ಕಾಕಾ ತೀರಿಕೊಂಡು ಆರು ವರ್ಷವಾಯಿತು...

ಕಾಕಾ ಏಳನೆಯ ಇಯತ್ತೆ ಓದಿದವರು. ಮನೆಯ ಮುಂಭಾಗದಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ಕರೆಂಟ್ ಹೋದಾಗಲೆಲ್ಲ ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಅವರಿಗೆ ಬೇಕಿದ್ದದ್ದು ಒಂದೇ ಸಂಖ್ಯೆ: 11111111111. ಹನ್ನೊಂದು ಒಂದುಗಳು.

"ಐದು ಒಂದು ಒಡೀತು, ಏಳು ಒಂದು ಒಡೀತು. ಇದು ಒಡೆಯೂದಿಲ್ಲ ತಂಗಿ, ನೋಡ್ತಿರು," ಎನ್ನುತ್ತಿದ್ದರು ನನಗೆ. ಒಡೆಯುವುದೆಂದರೆ ಬೇರೆ ಸಂಖ್ಯೆಯಿಂದ ಶೇಷವಿಲ್ಲದೆ ಭಾಗವಾಗುವುದು.

ಅದು ಖರೆಯೋ ಎಂದು ತಿಳಿಯಲು ಒಂದು ಲಕ್ಷ ದಾಟುವವರೆಗಿನ ಅವಿಭಾಜ್ಯ ಸಂಖ್ಯೆಗಳಿಂದೆಲ್ಲ ಭಾಗಿಸಬೇಕು ಎಂದು ಹೇಳಿದವಳು ನಾನೇ ಇರಬೇಕು. ಆಗ ಪಿಯುಸಿಯಲ್ಲಿದ್ದೆ. ಬೇರೆ ಯಾರೋ ಹೇಳಿದ್ದು ಎಂದು ನಂಬಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಸೀರೆಯಂಚಿನ ನಕ್ಷೆ ಬಿಡಿಸುವ ಗ್ರಾಫ್ ಹಾಳೆಗಳಲ್ಲಿ ಅವರು ಆ ಸಂಖ್ಯೆಗಳನ್ನು ಸೋಸಿಕೊಂಡರು. ಆಮೇಲೆ ಒಂದೊಂದರಿಂದಲೂ ಭಾಗಿಸುತ್ತ ವರ್ಷಗಳೇ ಕಳೆದವು.

"ನನ್ನ ಬಿಟ್ಟು ಆ ನಂಬರನ್ನs ಲಗ್ನ ಆಗಬೇಕಾಗಿತ್ತು ನೋಡ್ರಿ ನೀವು," ಎನ್ನುತ್ತಿದ್ದರು ಕಾಕು.

"ಅದಾದ್ರ ತಿರುಗಿ ಮಾತಾಡೂದಿಲ್ಲ."

ಎಂ.ಎಸ್ಸಿ.ಗೆಂದು ಧಾರವಾಡಕ್ಕೆ ಹೋದಾಗ ಲ್ಯಾಬಿನ ಕಂಪ್ಯೂಟರಿಗೆ ಆ ಸಂಖ್ಯೆ ಕೊಟ್ಟೆ. ಕೀಲಿಯಿಂದ ಬೆರಳೆತ್ತುವ ಮೊದಲೇ ಉತ್ತರ ಬಂತು: 21649 × 513239. ರಜೆಗೆ ಊರಿಗೆ ಬಂದರೆ ಕಾಕಾ ಮೂವತ್ತೊಂದು ಸಾವಿರ ದಾಟಿದ್ದರು. ಮೂರು ಸಾವಿರಕ್ಕೂ ಹೆಚ್ಚು ಭಾಗಾಕಾರ ಮುಗಿದಿತ್ತು.

ಹೇಳಿಬಿಟ್ಟೆ. ಸುಳ್ಳಿನ ಹಿಂದೆ ಅವರು ಬೀಳಬಾರದು ಎಂದು ಹೇಳಿದೆನೋ, ಕಲಿತದ್ದನ್ನು ತೋರಿಸಿಕೊಳ್ಳಲು ಹೇಳಿದೆನೋ...

ಕಾಕಾ ಈ ನೋಟ್‌ಬುಕ್ಕನ್ನೇ ತೆಗೆದು 21649ರ ಪುಟ ಹುಡುಕಿದರು. ಮೂರನೆಯ ಹಂತದಲ್ಲಿ ಉಳಿದದ್ದು 5174. ಅದನ್ನು ಕೆಳಗಿಳಿಸುವಾಗ 5147 ಎಂದು ಬರೆದಿದ್ದರು. ಅಲ್ಲಿಂದ ಮುಂದೆ ಎಲ್ಲ ತಪ್ಪು. ಕೊನೆಗೆ ಶೇಷ 16298.

"ಕರೆಂಟ್ ಬಂದಿತ್ತು," ಎಂದರು. "ಎದ್ದು ಹೋಗಿ ಮಗ್ಗ ಚಾಲೂ ಮಾಡಿ ಬಂದೇನಿ. ಬಂದು ತಿರುವುಮುರುವು ಬರದೇನಿ." ಪುಟ ಮುಚ್ಚಿ, "ಛಲೋ ಆತು ಬಿಡು. ಇನ್ನ ಎಪ್ಪತ್ತು ಸಾವಿರ ಹೋಗೂದು ತಪ್ಪಿತು," ಎಂದು ನಕ್ಕರು.

ನಕ್ಕರು ಎಂದೇ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ. ಮೊನ್ನೆ ಕಾಕುಗೆ ಹಾಗೆಂದಾಗ ಅವರು ನನ್ನ ಮುಖ ನೋಡಿದರು. "ಎಲ್ಲಿ ನಕ್ಕ್ರವ್ವಾ? ಎರಡು ದಿನ ಉಂಡಿಲ್ಲ ಅವ್ರು. ಆಮ್ಯಾಲ ಕರೆಂಟ್ ಹೋದ್ರ ಸುಮ್ನ ಗ್ವಾಡಿ ನೋಡ್ಕೋತ ಕುಂದ್ರತಿದ್ರು."

ಇವತ್ತು ಬೆಳಿಗ್ಗೆ ಆ ಭಾಗಾಕಾರವನ್ನು ನಾನೇ ಕೈಯಿಂದ ಮಾಡಿದೆ. ಆರೇ ಹಂತ. ಕೊನೆಯಲ್ಲಿ 194841ರಿಂದ 194841 ಕಳೆದು ಸೊನ್ನೆ ಉಳಿಯಿತು. ಅಂದು ಕರೆಂಟ್ ಐದು ನಿಮಿಷ ತಡವಾಗಿ ಬಂದಿದ್ದರೆ ಈ ಸೊನ್ನೆಯನ್ನು ಕಾಕಾ ತಾವೇ ಬರೆಯುತ್ತಿದ್ದರು. ಸಂಖ್ಯೆ ಒಡೆದೇ ಇರುತ್ತಿತ್ತು, ಆದರೆ ಒಡೆದವರು ಅವರಾಗಿರುತ್ತಿದ್ದರು. ಉತ್ತರ ಹೇಳದೆ, ಹಳೆಯ ಲೆಕ್ಕ ಇನ್ನೊಮ್ಮೆ ನೋಡಿರಿ ಎಂದಿದ್ದರೂ ಸಾಕಿತ್ತು; ಅದನ್ನು ಅವರಿಂದ ಕಸಿದುಕೊಂಡದ್ದು ನಾನು. ಹಿಂದಿರುಗಿಸಲು ಅವರಿಲ್ಲ.