ವಂಶದ ಎದೆಬಡಿತ

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಮಾತಾಡುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಆಕೆಯ ಮಗ ಕಾಗಿಣಾ ಹೊಳೆಯಲ್ಲಿ ಈಜುತ್ತಿದ್ದವನು ಒಮ್ಮೆಲೇ ಮುಳುಗಿ ಸತ್ತಿದ್ದ. ಅದಾಗಿ ಎರಡು ವರ್ಷಕ್ಕೆ ಮಗಳು ಶಾಲೆಯ ಓಟದಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ. "ಮಕ್ಕಳನ್ನ ತಿಂದಾಕಿ" ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಈಕೆಯೂ ಅದನ್ನೇ ನಂಬಿ, "ನನ್ನದೇ ಏನರೆ ತಪ್ಪು ಇರಬೇಕ್ರಿ ಅಣ್ಣಾರ" ಎಂದು ನನ್ನೆದುರು ಮತ್ತೆ ಮತ್ತೆ ಹೇಳುತ್ತಿದ್ದಳು.

ಒಂದು ದಿನ ಗಂಡನೂ ಕೆಲಸದ ಮೇಲೆ ಎಚ್ಚರ ತಪ್ಪಿ ಬಿದ್ದ. ಹೈದರಾಬಾದಿನ ದವಾಖಾನೆಗೆ ಅತ್ತೆ-ಸೊಸೆಯರೊಂದಿಗೆ ನಾನೂ ಹೋದೆ. ಎದೆಗೆ ವೈರು ಹಚ್ಚಿ ಪರೀಕ್ಷಿಸಿದ ಡಾಕ್ಟರು, ಎದೆಬಡಿತ ತಾಳ ತಪ್ಪುವ ಈ ರೋಗ ವಂಶದಲ್ಲಿ ಇಳಿದು ಬರುತ್ತದೆ, ಮಕ್ಕಳೂ ಇದರಿಂದಲೇ ಹೋಗಿರಬೇಕು ಎಂದರು. ನಿಮ್ಮ ಕಡೆ ಯಾರಾದರೂ ಹೀಗೆ ಸತ್ತಿದ್ದಾರೆಯೇ ಎಂದು ಅತ್ತೆಯನ್ನು ಕೇಳಿದರು.

ಅತ್ತೆ ನೆಲ ನೋಡುತ್ತ ಹೇಳಿದಳು: "ನಮ್ಮ ಅಣ್ಣ, ನಮ್ಮ ತಂಗಿ. ಇಬ್ಬರೂ ಹಿಂಗೇ ನಿಂತಲ್ಲೇ ಬಿದ್ದು ಸತ್ರು."

ಅಷ್ಟು ವರ್ಷ ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ.

ಗುಳಿಗೆ ನುಂಗುತ್ತ ಗಂಡ ಉಳಿದುಕೊಂಡ. ಕೆಲವು ತಿಂಗಳಿಗೆ ಅತ್ತೆ, "ಇನ್ನೊಂದು ಹಡಿ" ಎಂದು ಗಂಟುಬಿದ್ದಳು.

"ಹಡೆದರ, ಆಡಬ್ಯಾಡ, ಓಡಬ್ಯಾಡ ಅಂತ ಕೂಸಿಗೆ ಯಾರು ಹೇಳಬೇಕ್ರಿ?" ಎಂದು ಈಕೆ ನನ್ನ ಹೆಂಡತಿಯೆದುರು ಅತ್ತಳು. ಮುಂದಿನ ವಾರ ಒಬ್ಬಳೇ ಚಿತ್ತಾಪುರಕ್ಕೆ ಹೋಗಿ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡು ಬಂದಳು.

ಅತ್ತೆ ಬೀದಿಯಲ್ಲಿ ನಿಂತು ಕೂಗಿದಳು: "ನನ್ನ ವಂಶ ಕಡಿದಾಕಿ!"

ಈಕೆ ಬಾಗಿಲಿಗೆ ಬಂದು, ಓಣಿಯವರೆಲ್ಲ ನೋಡುತ್ತಿರುವಾಗಲೇ ಹೇಳಿದಳು: "ಹೌದ್ರಿ ಅತ್ತಿ, ನಾನೇ ಕಡಿದೀನಿ."