ತಗ್ಗಿಸಿದ ದನಿ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೈರನ್ ಈಗ ಕೂಗುವುದಿಲ್ಲ. ನನ್ನ ಕಿವಿಯಲ್ಲಿ ಮಾತ್ರ ಇನ್ನೂ ನಿಂತಿಲ್ಲ. ಅದರ ಹಿಂದೆಯೇ ನಿಮ್ಮ ನೆನಪು ಬರುತ್ತದೆ, ಹಾಲೇಶ್. ನಿಮಗೆ ಮೇಷ್ಟರ ಕೆಲಸ ತಪ್ಪಿಸಿದವಳು ನಾನು. ಶಾಲೆಯ ಆಯ್ಕೆ ಕಮಿಟಿ ಅಲ್ಲ — ನಾನೊಬ್ಬಳೇ.

ಶಿವಮೊಗ್ಗದ ಶಾಲೆಯಲ್ಲಿ ಆಗ ನಾನು ಪ್ರಿನ್ಸಿಪಾಲ್. ಕಾರ್ಖಾನೆ ಮುಚ್ಚಿದ ಮೇಲೆ, ನಲವತ್ತು ದಾಟಿದ ನೀವು ಬಿ.ಎಡ್. ಮುಗಿಸಿ ಸೈನ್ಸ್ ಟೀಚರ್ ಹುದ್ದೆಗೆ ಬಂದಿರಿ. ಬಯೋಡೇಟಾದಲ್ಲಿ "ಫರ್ನೇಸ್ ವಿಭಾಗ, ಹದಿನೆಂಟು ವರ್ಷ" ಎಂದು ಓದಿದಾಗಲೇ ನನ್ನ ಅರ್ಧ ತೀರ್ಮಾನ ಆಗಿಹೋಗಿತ್ತು. ಡೆಮೊ ಕ್ಲಾಸಿನಲ್ಲಿ ಕಾದ ಕಬ್ಬಿಣ ಏಕೆ ಹಿಗ್ಗುತ್ತದೆ ಎಂದು ಹೇಳಿಕೊಟ್ಟಿರಿ — ಗಟ್ಟಿಯಾಗಿ, ಕೈಯಾಡಿಸುತ್ತ, ಕೊನೆಯ ಬೆಂಚಿನವರೂ ಬಾಯಿಬಿಟ್ಟು ಕೂರುವಂತೆ.

"ಎಕ್ಸಲೆಂಟ್! ಇವ್ರನ್ನೇ ತಗೊಳ್ಳೋಣ ಮೇಡಂ," ಗಣಿತದ ಶಾರದಾ ಪಿಸುಗುಟ್ಟಿದರು. "ಮಕ್ಕಳು ನೋಡಿ, ಪಿಟಕ್ ಅಂತಿಲ್ಲ."

ನಾನು ಎದ್ದೆ. "ಮಿಸ್ಟರ್ ಹಾಲೇಶ್, ಇದು ಕ್ಲಾಸ್‌ರೂಮ್, ಫರ್ನೇಸ್ ಅಲ್ಲ. ಯಾಕಿಷ್ಟು ಕಿರುಚ್ತೀರಿ?"

ಮಕ್ಕಳು ನಕ್ಕರು.

"ಮಷಿನ್ ಪಕ್ಕ ನಿಂತು ರೂಢಿ ಆಗ್ಬಿಟ್ಟಿದೆ ಮೇಡಂ. ತಗ್ಗಿಸ್ಕೊತೀನಿ. ಒಂದು ತಿಂಗಳು ನೋಡಿ."

ಒಂದು ತಿಂಗಳು — ಅಷ್ಟೇ ಕೇಳಿದ್ದು. ನಾನು ಫೈಲಿನಲ್ಲಿ 'ನಾಟ್ ಸೂಟಬಲ್' ಎಂದು ಬರೆದೆ.

ಅಂದು ಯಾರಿಗೂ ಹೇಳದ್ದನ್ನು ಈಗ ಹೇಳುತ್ತೇನೆ. ನಾನೂ ಆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ಬೆಳೆದವಳು. ನಮ್ಮಪ್ಪನೂ ಫರ್ನೇಸಿನವರೇ. ಆ ಸದ್ದಿನಲ್ಲಿ ದುಡಿದವರು ಮನೆಯಲ್ಲಿ ಉಪ್ಪು ಕೇಳಿದರೂ ಇಡೀ ಮನೆಸಾಲಿಗೆ ಕೇಳಿಸುತ್ತಿತ್ತು. ಅದನ್ನು ಯಾರೂ ಒರಟು ಎಂದುಕೊಳ್ಳುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ "ಸಾಫ್ಟ್ಲಿ, ಚೈಲ್ಡ್" ಎಂದು ನನ್ನ ದನಿಯನ್ನು ತಿದ್ದಿದರು. ಒಮ್ಮೆ ಅಪ್ಪ ಗೇಟಿನಿಂದಲೇ "ಪುಟ್ಟೀ" ಎಂದು ಕೂಗಿದಾಗ ಗೆಳತಿಯರು ನಕ್ಕರು. ನಾನು — ತಿರುಗಿ ನೋಡಲಿಲ್ಲ.

ನಿಮ್ಮ ಗಂಟಲಿನ ಅರ್ಥ ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ...

ಹೋದ ವರ್ಷ ಮಲವಗೊಪ್ಪದಲ್ಲಿ ಬಸ್ಸಿಗೆ ನಿಂತಿದ್ದೆ. ಪ್ರೈವೇಟ್ ಬಸ್ಸಿನ ಬಾಗಿಲಲ್ಲಿ ಕಂಡಕ್ಟರೊಬ್ಬರು "ಭದ್ರಾವತಿ, ಭದ್ರಾವತಿ, ಬನ್ರೀ ಬೇಗ!" ಎಂದು ರಸ್ತೆ ತುಂಬ ಕೂಗುತ್ತಿದ್ದರು. ನೀವು. ನನ್ನನ್ನು ಕಂಡಿರಿ, ಕೂಗು ಅಲ್ಲೇ ನಿಂತಿತು. ಇಳಿದು ಬಂದು, ನಾನು ಬಗ್ಗಿ ಕೇಳಿಸಿಕೊಳ್ಳಬೇಕಾದಷ್ಟು ಮೆಲ್ಲಗೆ ಅಂದಿರಿ — "ಹುಷಾರಾಗಿ ಹತ್ತಿ ಮೇಡಂ."

ಭದ್ರಾವತಿ ಬರುವವರೆಗೆ ಒಂದು ಸ್ಟಾಪಿನಲ್ಲೂ ನೀವು ಕೂಗಲಿಲ್ಲ.