ಒಂದು ಜೊತೆ ಹವಾಯಿ ಚಪ್ಪಲಿ

ದೆವ್ವ ಕಂಡೆ ಎನ್ನುವವರನ್ನು ನೋಡಿದರೆ ನನಗೆ ಮೊದಲಿಂದಲೂ ನಗು. ಹೆಂಡತಿಯ ತವರಿನಲ್ಲಿ ಊಟದ ಮೇಲೆ ಇಂಥ ಕಥೆ ಶುರುವಾದರೆ ಎದ್ದು ಹೋಗಿ ಪೇಪರ್ ಹಿಡಿಯುತ್ತಿದ್ದವನು ನಾನು. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವೂ ಎದ್ದು ಹೋದರೆ ನನಗೆ ಬೇಸರವಿಲ್ಲ.

ನನ್ನ ಮನೆ ಶಿವಮೊಗ್ಗದಲ್ಲಿ, ಗುಮಾಸ್ತಿಕೆ ಭದ್ರಾವತಿಯ ಒಂದು ಸರ್ಕಾರಿ ಕಚೇರಿಯಲ್ಲಿ. ಕೆಲವು ವರ್ಷಗಳ ಹಿಂದೆ, ಒಬ್ಬ ಮುದುಕಿಯನ್ನು ಕೊಂದು ಸರ ಕಿತ್ತ ಆರೋಪದಲ್ಲಿ ಸಿಕ್ಕಿಬಿದ್ದವನೊಬ್ಬ ಪೊಲೀಸರ ಕೈಯಿಂದ ತಪ್ಪಿಸಿಕೊಂಡಿದ್ದ. ಮೂರನೆಯ ದಿನ ಬೆಳಗಿನ ಜಾವ ಭದ್ರಾ ನಾಲೆಯ ಏರಿಯ ಮೇಲೆ ಗುಂಡೇಟಿಗೆ ಸತ್ತ. ಕಲ್ಲು ಹಿಡಿದು ಏರಿ ಬಂದ, ಬೇರೆ ದಾರಿಯಿರಲಿಲ್ಲ ಎಂದು ಪೊಲೀಸರು ಹೇಳಿದರಂತೆ.

ಹತ್ತು ಗಂಟೆಗೆಲ್ಲ ನ್ಯೂ ಟೌನಿನ ನಮ್ಮ ಟೀ ಅಂಗಡಿಯಲ್ಲಿ ಅದೇ ಚರ್ಚೆ. ಕಾಲಿಗೆ ಹೊಡೆಯಬಹುದಿತ್ತಲ್ಲ, ಕೋರ್ಟು ಯಾತಕ್ಕಿದೆ ಎಂದು ಲೇತ್ ಅಂಗಡಿಯವನೊಬ್ಬ ಕೇಳಿದ. ನಾನು ಬಿಡುತ್ತೇನೆಯೇ? "ಎದೆಗೆ ಹೊಡೆದಿದ್ದೇ ಸರಿ ಮಾರಾಯ. ಇಂಥೋನಿಗೆ ಹತ್ತು ವರ್ಷ ಕೂರಿಸಿ ಅನ್ನ ಹಾಕ್ಬೇಕಾ?" ಎಂದೆ. ನಾಲ್ಕು ಜನ ತಲೆದೂಗಿದರು. ಆ ಮುದುಕಿಯ ಮನೆಯವರ ಸಂಕಟ ನೆನೆದು ನನಗೆ ನಿಜಕ್ಕೂ ಸಿಟ್ಟಿತ್ತು. ಟೀ ಮುಗಿಯುವ ಮೊದಲೇ ಪೊಲೀಸ್ ಜೀಪು ಬಂತು. ಸ್ಥಳದ ಮಹಜರಿಗೆ ಸಾಕ್ಷಿ ಹಾಕಲು ಸರ್ಕಾರಿ ನೌಕರರು ಬೇಕಂತೆ. ಹೋಗಿ ಕೂತೆ.

ನಾವು ತಲುಪುವಷ್ಟರಲ್ಲಿ ಹೆಣ ಸಾಗಿಸಿಯಾಗಿತ್ತು. ನಾಲೆ ತುಂಬಿತ್ತು. ಅಷ್ಟು ನೀರು ಸದ್ದಿಲ್ಲದೆ ಹೋಗುವುದನ್ನು ನೋಡುತ್ತಾ ನಿಂತರೆ, ನೀರು ನಿಂತಿದೆ, ನಾವೇ ಹಿಂದಕ್ಕೆ ಹೋಗುತ್ತಿದ್ದೇವೆ ಅನ್ನಿಸುತ್ತದೆ. ನೀರಿಗಿಳಿಯುವ ಕಲ್ಲಿನ ಪಕ್ಕ ನೀಲಿ ಹವಾಯಿ ಚಪ್ಪಲಿಗಳಿದ್ದವು. ಎಡಗಾಲಿನದಕ್ಕೆ ಬಾರು ಕಿತ್ತು ಪಿನ್ನು ಹಾಕಿತ್ತು. ಎರಡೂ ಒಂದಕ್ಕೊಂದು ಅಂಟಿಕೊಂಡು, ನೀರಿನ ಕಡೆ ಮುಖ ಮಾಡಿ, ಜೋಡಿಸಿಟ್ಟ ಹಾಗಿದ್ದವು. ಕಲ್ಲು ಹಿಡಿದು ಏರಿ ಬರುವವನು ಚಪ್ಪಲಿ ಬಿಚ್ಚಿ ಜೋಡಿಸಿ ಬರುತ್ತಾನೆಯೇ?

ಎಸ್‌ಐ ಹೇಳುತ್ತಿದ್ದರು, ಪೇದೆ ಬರೆದುಕೊಳ್ಳುತ್ತಿದ್ದ. "ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಒಂದು ಜೊತೆ ಹವಾಯಿ ಚಪ್ಪಲಿ." ನಾನು ತಲೆಯೆತ್ತಿ ನೋಡಿದೆ. ಎಸ್‌ಐ ಕೆಟ್ಟವರಂತೆ ಕಾಣಲಿಲ್ಲ, ಮೂರು ದಿನ ನಿದ್ದೆಗೆಟ್ಟ ಮುಖ. "ಸಾರ್, ಇಲ್ಲೊಂದು ಸೈನ್" ಎಂದರು. ಹಾಕಿದೆ. ಚಪ್ಪಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದು, ಅರಗಿನ ಮುದ್ರೆ ಒತ್ತಿ, ಮೇಲೆ ಅಂಟಿಸಿದ ಚೀಟಿಗೂ ನನ್ನದೇ ಸಹಿ ಪಡೆದರು.

ಕಚೇರಿಗೆ ಹೋಗಲು ಮನಸ್ಸಾಗಲಿಲ್ಲ. ಬಸ್ಸು ಹತ್ತಿದ್ದು ನೆನಪಿದೆ, ಇಳಿದದ್ದು ನೆನಪಿಲ್ಲ. ಮಧ್ಯಾಹ್ನ ಮೂರರ ಬಿಸಿಲು, ನಮ್ಮ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಕಿವಿಯಲ್ಲಿ ಇನ್ನೂ ನಾಲೆಯ ಆ ಸದ್ದಿಲ್ಲದ ಸದ್ದು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಜಗಲಿಯ ಕುರ್ಚಿಯಲ್ಲಿ ಕೂತೆ. ಹೆಂಡತಿ ಬಾಗಿಲಿಗೆ ಬಂದು ಇಣುಕಿ, ಮೆಟ್ಟಿಲ ಕಡೆ ನೋಡಿ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಎರಡು ಲೋಟ ನೀರಿತ್ತು.

"ಜೊತೇಲಿ ಬಂದವರು ಎಲ್ಲಿ ರೀ?"

ತಿರುಗಿ ನೋಡಿದೆ. ನನ್ನ ಚಪ್ಪಲಿಯ ಪಕ್ಕ, ಅವಳು ಬೆಳಿಗ್ಗೆ ಹಾಕಿದ್ದ ರಂಗೋಲಿಯ ಒಂದು ಎಸಳಿನ ಮೇಲೆ, ಆ ನೀಲಿ ಜೊತೆ ಇತ್ತು. ಬಾಗಿಲ ಕಡೆ ಮುಖ ಮಾಡಿ, ಜೋಡಿಸಿಟ್ಟ ಹಾಗೆ. ನನಗೆ ಭಯವಾಗಲಿಲ್ಲ, ನಾಚಿಕೆಯಾಯಿತು. ಅವಳು ಲೋಟ ಕೆಳಗಿಟ್ಟು ಗೇಟಿನ ತನಕ ಹೋಗಿ ಬೀದಿಯ ಎರಡೂ ಕಡೆ ನೋಡಿದಳು, ಅವಳ ಜೊತೆ ನಾನೂ ನೋಡಿದೆ. ಮತ್ತೆ ತಿರುಗಿದಾಗ ಮೆಟ್ಟಿಲ ಬಳಿ ನನ್ನ ಚಪ್ಪಲಿ ಮಾತ್ರ ಇತ್ತು. ರಂಗೋಲಿಯ ಎಸಳು ಅಳಿಸಿತ್ತು.

ಬಿಸಿಲಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬಹುದಿತ್ತು. ಆದರೆ ಚಪ್ಪಲಿಯ ವಿಷಯ ನಾನು ಅವಳಿಗೆ ಹೇಳಿರಲೇ ಇಲ್ಲ. ರಾತ್ರಿ ಸುಮ್ಮನೆ ಎಂಬಂತೆ ಕೇಳಿದೆ, ಅದು ಹೇಗಿತ್ತು ಅಂತ. ನೀಲಿ ಹವಾಯಿ, ಒಂದಕ್ಕೆ ಪಿನ್ನು ಹಾಕಿತ್ತು ಪಾಪ, ಎಂದಳು.

ಮುಂದೆ ಊರು ಎರಡು ಭಾಗವಾಯಿತು. ಒಂದು ಗುಂಪು ಪೊಲೀಸರಿಗೆ ಹಾರ ಹಾಕಿತು, ಇನ್ನೊಂದು ತನಿಖೆ ಬೇಕೆಂದು ರಸ್ತೆಯಲ್ಲಿ ಕೂತಿತು. ಟೀ ಅಂಗಡಿಯಲ್ಲಿ ನನ್ನ ಬಾಯಿ ಮಾತ್ರ ಬಂದ್ ಆಗಿತ್ತು. ಕೆಲವು ತಿಂಗಳ ಮೇಲೆ ವಿಚಾರಣೆಗೆ ಕರೆ ಬಂತು. ಮಹಜರಿನಲ್ಲಿ ಇರುವುದನ್ನೇ ಒಪ್ಪಿಸಿ ಬಂದುಬಿಡಿ, ಯಾಕೆ ಮೈಮೇಲೆ ಎಳೆದುಕೊಳ್ತೀರಿ ಎಂದು ಕಚೇರಿಯವರೆಲ್ಲ ಬುದ್ಧಿ ಹೇಳಿದರು. ನಾನೂ ಹಾಗೆಂದುಕೊಂಡೇ ಹೋದೆ.

ಅಧಿಕಾರಿ ನನ್ನೆದುರೇ ಆ ಚಪ್ಪಲಿಯ ಗಂಟು ಬಿಚ್ಚಿಸಿದರು. ಮುದ್ರೆ ಒಡೆದಿರಲಿಲ್ಲ, ಚೀಟಿಯ ಮೇಲೆ ನನ್ನ ಸಹಿ ಹಾಗೇ ಇತ್ತು. ಪೇದೆ ಚಪ್ಪಲಿಗಳನ್ನು ಮಗುಚಿ ಮೇಜಿನ ಮೇಲಿಟ್ಟ. ಅಟ್ಟೆಯ ಗೆರೆಗಳಲ್ಲಿ ಒಣಗಿದ ಕೆಸರು. ಕೆಸರಿನ ಮೇಲೆ ಬಿಳಿ ರಂಗೋಲಿ ಪುಡಿ.

"ಚಪ್ಪಲಿ ಹೇಗೆ ಬಿದ್ದಿತ್ತು?" ಎಂದು ಕೇಳಿದರು.

"ಬಿದ್ದಿರಲಿಲ್ಲ ಸಾರ್. ಜೋಡಿಸಿ ಇಟ್ಟಿತ್ತು" ಎಂದೆ.

ಹಾಗಾದರೆ ಸಹಿ ಯಾಕೆ ಹಾಕಿದಿರಿ ಎಂದು ಅವರು ಗದರಿದರು. ತಪ್ಪಾಯಿತು ಸಾರ್ ಎಂದೆ. ರಂಗೋಲಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಅದನ್ನು ಯಾವ ಕಾಲಮ್ಮಿನಲ್ಲಿ ಬರೆದುಕೊಳ್ಳುತ್ತಿದ್ದರು? ಅವನು ಕಲ್ಲು ಹಿಡಿದಿದ್ದನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಪುಡಿ ಮುದ್ರೆಯೊಳಗೆ ಹೇಗೆ ಹೋಯಿತು ಎಂಬುದೂ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ.

ಆ ಸಂಜೆ ಮನೆಗೆ ಬಂದು ಹೆಂಡತಿಗೆ ಮೊದಲಿಂದ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ, ನಾಲೆಯ ಹತ್ತಿರ ಚಪ್ಪಲಿ ಯಾವ ಕಡೆ ಮುಖ ಮಾಡಿತ್ತು ಅಂತ. ನೀರಿನ ಕಡೆ ಎಂದೆ. ಅವಳು ಮೆಟ್ಟಿಲ ಕಡೆ ನೋಡಿದಳು.

"ನೀರು ಕುಡಿಯೋಕೆ ಇಳೀತಿದ್ನೇನೋ ರೀ. ನಾನು ತರೋ ಅಷ್ಟರಲ್ಲಿ ಹೊರಟೇ ಹೋದ."